ಕುಸುನೊಕಿಯವರ ಅಂಟು

ನನ್ನ ಗಂಡ ಮಿಯೋಶಿ ತೊಕುಜಿ ಕೆಲಸದ ಕೊನೆಯ ವರ್ಷಗಳಲ್ಲಿ ಡಿಸ್ಕ್ ಹೊರುತ್ತಿದ್ದರು. ಹಾಗೆಂದರೆ ಕೇಳಿದವರು ನಗುತ್ತಿದ್ದರು. ಡಿಸ್ಕಿನಲ್ಲಿ ಹೊರುವಂಥದ್ದು ಏನಿದೆ, ಅಂಗೈಯಗಲದ ತಟ್ಟೆ, ತೂಕವೇ ಇಲ್ಲ ಎನ್ನುತ್ತಿದ್ದರು. ಆದರೆ ಅವರು ಹೊತ್ತಿದ್ದು ಅದನ್ನೇ.

ಅದಕ್ಕೆ ಮೊದಲು ಅವರು ಒಸಾಕದ ಕಂಪನಿಯೊಂದರಲ್ಲಿ ಟೇಪ್ ರೆಕಾರ್ಡರ್ ಜೋಡಿಸುವ ಸಾಲಿಗೆ ಮೇಸ್ತ್ರಿಯಾಗಿದ್ದರು. ಟೇಪಿನ ಕಾಲ ಮುಗಿಯಿತು, ಸಾಲು ಮುಚ್ಚಿತು. ಕಂಪನಿಯವರು ಅವರನ್ನು ಮನೆಗೆ ಕಳಿಸಲಿಲ್ಲ, ಕಿಟಕಿಯ ಪಕ್ಕದಲ್ಲಿ ಒಂದು ಮೇಜು ಕೊಟ್ಟು ಕೂರಿಸಿದರು. ಬೆಳಿಗ್ಗೆ ಹೋಗಿ ಕಿಟಕಿಯಾಚೆ ನೋಡಿ ಸಂಜೆ ಬರುತ್ತಿದ್ದರು. ಆ ದಿನಗಳಲ್ಲಿ ಅವರಿಗೆ ಊಟ ರುಚಿಸುತ್ತಿರಲಿಲ್ಲ.

ಅಷ್ಟರಲ್ಲಿ ಈ ನೀಲಿ ಬೆಳಕಿನ ಡಿಸ್ಕಿನ ಮಾತು ಬಂತು. ಅಲ್ಲಿಯವರೆಗೆ ಒಬ್ಬರ ಮುಖ ಒಬ್ಬರು ನೋಡದ ಕಂಪನಿಗಳೆಲ್ಲ ಒಂದೇ ಮೇಜಿನ ಸುತ್ತ ಕೂತು, ಹಳೆಯ ಡಿಸ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು ಚಿತ್ರ, ಸದ್ದು ಹಿಡಿಸುವ ಹೊಸ ಡಿಸ್ಕನ್ನು ಎಲ್ಲರೂ ಸೇರಿ ಒಂದೇ ಅಳತೆಯಲ್ಲಿ ಮಾಡೋಣ ಎಂದು ಒಪ್ಪಿಕೊಂಡವು. ಒಬ್ಬರು ಮಾಡಿದ ಡಿಸ್ಕು ಇನ್ನೊಬ್ಬರ ಯಂತ್ರದಲ್ಲಿ ಓಡಬೇಕು, ಅದೇ ಪರೀಕ್ಷೆ. ಅಂಥ ಮಾದರಿ ಡಿಸ್ಕನ್ನು ಅಂಚೆಗೆ ಹಾಕುವ ಹಾಗಿಲ್ಲ. ನಂಬಿಕೆಯ ಒಬ್ಬ ಮನುಷ್ಯ ಕೈಯಲ್ಲೇ ಒಯ್ದು ಕೈಯಲ್ಲೇ ಕೊಡಬೇಕು. ಕಿಟಕಿಯ ಪಕ್ಕ ಖಾಲಿ ಕೂತಿದ್ದ ಇವರು ಎಲ್ಲರ ಕಣ್ಣಿಗೆ ಬಿದ್ದರು.

ಬೆಳಿಗ್ಗೆ ನಾನು ಅವರ ನೀಲಿ ಬಟ್ಟೆಯ ಚೌಕವನ್ನು ಇಸ್ತ್ರಿ ಮಾಡಿ ಕೊಡುತ್ತಿದ್ದೆ. ಡಿಸ್ಕಿನ ಪೆಟ್ಟಿಗೆಯನ್ನು ಅದರಲ್ಲಿ ಗಂಟು ಕಟ್ಟಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಸೋಯಾ ರಸದ ಒಂದು ಹನಿ ಚೆಲ್ಲಿದರೆ ಎಂಬ ಹೆದರಿಕೆಗೆ ಬುತ್ತಿ ಬಿಚ್ಚುತ್ತಿರಲಿಲ್ಲ. ಹಸಿದುಕೊಂಡೇ ಮನೆಗೆ ಬರುತ್ತಿದ್ದರು.

"ಏನ್ರೀ, ಮೊಮ್ಮಗೂನ ತೊಡೆ ಮೇಲೆ ಮಲಗಿಸ್ಕೊಂಡು ಬಂದೋರ ಹಾಗೆ ಸೊಂಟ ಹಿಡ್ಕೊಂಡು ಬರ್ತೀರಲ್ಲ" ಎಂದು ನಾನು ಛೇಡಿಸುತ್ತಿದ್ದೆ. ನಮಗೆ ಮಕ್ಕಳಿರಲಿಲ್ಲ.

"ಮೊಮ್ಮಗು ಆದ್ರೆ ಅತ್ತಾದ್ರೂ ಹೇಳುತ್ತೆ. ಇದು ನೋವಾದ್ರೂ ಬಾಯಿ ಬಿಡಲ್ಲ ಕಣೇ. ಅದಕ್ಕೇ ಭಯ" ಎನ್ನುತ್ತಿದ್ದರು.

ಬರಿಗೈಯಲ್ಲಿ ಇನ್ನೊಬ್ಬರ ಬಾಗಿಲಿಗೆ ಹೋಗುವುದು ನಮ್ಮಲ್ಲಿಲ್ಲ. ಹೋದ ಕಡೆಗೆಲ್ಲ ಅವರು ಸಿಹಿ ಒಯ್ಯುತ್ತಿದ್ದರು. ಅದರಲ್ಲೂ ಅವರದೊಂದು ಲೆಕ್ಕಾಚಾರ. ಎಲ್ಲ ಕಂಪನಿಗಳೂ ಸರಿಸಮ ಅಂದಮೇಲೆ ಒಬ್ಬರಿಗೆ ಹೆಚ್ಚಿನ ಸಿಹಿ, ಒಬ್ಬರಿಗೆ ಕಡಿಮೆಯದ್ದು ಆಗಬಾರದು. ಎಲ್ಲರಿಗೂ ಒಂದೇ ಬಗೆಯದನ್ನು ಒಯ್ದರೆ ಮನಸ್ಸಿಟ್ಟು ತಂದಿಲ್ಲ ಎಂದಾಗುತ್ತದೆ. ಹೀಗೆ ಸಿಹಿ ಅಂಗಡಿಯ ಮುಂದೆ ಅವರು ಗಲ್ಲ ಕೆರೆದುಕೊಂಡು ನಿಲ್ಲುವುದನ್ನು ನಾನೇ ನೋಡಿದ್ದೇನೆ. ಡಿಸ್ಕಿನ ಅಳತೆ ಒಪ್ಪಿಸುವುದಕ್ಕಿಂತ ಇದೇ ಕಷ್ಟ ಎನ್ನುತ್ತಿದ್ದರು.

ಅವರು ಹೋಗುತ್ತಿದ್ದ ಬಾಗಿಲುಗಳಲ್ಲಿ ಅವರಿಗೆ ಹೆಚ್ಚು ಇಷ್ಟವಾದದ್ದು ತೊಯೊಹಾಶಿಯ ಒಂದು ಕಂಪನಿಯ ಬಾಗಿಲು. ಅಲ್ಲಿ ಕುಸುನೊಕಿ ಎಂಬವರೊಬ್ಬರಿದ್ದರು. ಡಿಸ್ಕಿನ ಮೈಮೇಲೆ ಒಂದು ತೆಳು ಪದರ ಬರಬೇಕು, ಕೂದಲೆಳೆಯಷ್ಟು. ಅದರ ಮೂಲಕವೇ ಬೆಳಕು ಒಳಗೆ ಹೋಗಿ ಓದುವುದು. ಕುಸುನೊಕಿಯವರದು ಅಂಟನ್ನು ಸುರಿದು, ಡಿಸ್ಕನ್ನು ಗಿರ್ರನೆ ತಿರುಗಿಸಿ, ಹರಡಿಸಿ ಗಟ್ಟಿಮಾಡುವ ದಾರಿ. ತೋಕಿಯೊದ ಒಂದು ಕಂಪನಿಯವರದು ತೆಳು ಹಾಳೆಯನ್ನೇ ತಂದು ಮೇಲೆ ಅಂಟಿಸುವ ದಾರಿ. ಎರಡರಲ್ಲಿ ಯಾವುದು ಎಂದು ಎಲ್ಲ ಕಂಪನಿಗಳವರು ಸೇರಿದ ಸಮಿತಿ ತೀರ್ಮಾನಿಸಬೇಕಿತ್ತು. ಕುಸುನೊಕಿ ನಡುವಯಸ್ಸಿನ ಅಷ್ಟನ್ನೂ ಆ ಅಂಟಿಗೇ ಕೊಟ್ಟಿದ್ದರು. ಉಗುರಿನ ಅಂಚಿನಲ್ಲಿ ಅದು ಗಾಜಿನಂತೆ ಒಣಗಿ ಕೂತಿರುತ್ತಿತ್ತಂತೆ.

ಬೇರೆ ಕಡೆ ಯಾರೋ ಬಂದು ಪೆಟ್ಟಿಗೆ ಕೊಟ್ಟು ಹೋಗುವರು. ಇಲ್ಲಿ ಕುಸುನೊಕಿಯವರೇ ಗೇಟಿನ ತನಕ ಇಳಿದು ಬಂದು ಎರಡೂ ಕೈಯಲ್ಲಿ ಕೊಡುತ್ತಿದ್ದರು.

"ಮಿಯೋಶಿ ಸಾನ್, ಮಗಳನ್ನ ಕಳಿಸ್ತಿದೀನಿ. ಅತ್ತೆ ಮನೆಯವರಿಗೆ ಹೇಳಿ, ಸ್ವಲ್ಪ ಮೆತ್ತಗೆ ನೋಡ್ಕೊಳ್ಳಿ ಅಂತ."

"ಹೋದ ಸಲ ದಪ್ಪ ಆಯ್ತು ಅಂತ ವಾಪಸ್ ಕಳಿಸಿದ್ರಲ್ಲ?"

"ಅದಕ್ಕೇ ಈ ಸಲ ಊಟ ಕಮ್ಮಿ ಮಾಡಿಸಿದೀನಿ. ಈಗಲೂ ಬೇಡ ಅಂದ್ರೆ ಹುಡುಗನ ಕಣ್ಣೇ ಸರಿ ಇಲ್ಲ ಅಂತ ಹೇಳಿಬಿಡಿ."

ಮನೆಗೆ ಬಂದು ಇವರು ಇದನ್ನೆಲ್ಲ ಒಂದೂ ಬಿಡದೆ ಹೇಳಿ ನಗುತ್ತಿದ್ದರು. ಊಟವೂ ಸೇರುತ್ತಿತ್ತು.

ಆ ವರ್ಷ ಮಳೆಗಾಲ ಬೇಗ ಹಿಡಿಯಿತು. ತೀರ್ಮಾನಕ್ಕೆ ಮುಂಚಿನ ಕೊನೆಯ ಪರೀಕ್ಷೆ ತೋಕಿಯೊದಲ್ಲಿ. ಕುಸುನೊಕಿಯವರ ಡಿಸ್ಕನ್ನು ತೊಯೊಹಾಶಿಯಲ್ಲಿ ಇಸಿದುಕೊಂಡು, ಅದೇ ದಿನ ತೋಕಿಯೊಗೆ ಮುಟ್ಟಿಸಬೇಕಿತ್ತು. ಇವರು ತೊಯೊಹಾಶಿ ನಿಲ್ದಾಣದ ಬಳಿ ಯೋಕನ್ ಕೊಂಡರು. ಕೆಂಪು ಕಾಳನ್ನು ಅರೆದು ಸಕ್ಕರೆ ಹಾಕಿ ಹೆಪ್ಪುಗಟ್ಟಿಸಿದ ಸಿಹಿ ಅದು. ಬೇಸಗೆಯದ್ದು ನೀರು ನೀರಾಗಿರುತ್ತದೆ, ತಣ್ಣಗಿದ್ದರೇ ಚೆಂದ. ಅಂಗಡಿಯಾಕೆ, ದೂರದ ಪ್ರಯಾಣ ಅಂತೀರಿ ಎಂದು ಪೆಟ್ಟಿಗೆಯೊಳಗೆ ಮಂಜುಗಡ್ಡೆಯ ಚೀಲಗಳನ್ನು ತುಂಬಿ ಕೊಟ್ಟಳಂತೆ. ಒಂದು ಕೈಯಲ್ಲಿ ಕೊಡೆ. ಇನ್ನೊಂದು ಕೈಯಲ್ಲಿ ಎರಡು ಗಂಟು ಹಿಡಿದರೆ ಬಾಗಿಲಲ್ಲಿ ನಮಸ್ಕರಿಸುವಾಗ ತೂಗಾಡುತ್ತವೆ, ನೋಡಲು ಚೆನ್ನಾಗಿರುವುದಿಲ್ಲ. ಹಾಗಾಗಿ ಯೋಕನ್ ಪೆಟ್ಟಿಗೆ ಕೆಳಗೆ, ಡಿಸ್ಕಿನ ಪೆಟ್ಟಿಗೆ ಮೇಲೆ ಇಟ್ಟು ಒಂದೇ ಚೌಕದಲ್ಲಿ ಬಿಗಿಯಾಗಿ ಕಟ್ಟಿದರು. ತೋಕಿಯೊದವರು ಡಿಸ್ಕನ್ನೂ ಸಿಹಿಯನ್ನೂ ತೆಗೆದುಕೊಂಡರು. ಇವರು ಚೌಕ ಮಡಚಿಕೊಂಡು ಮನೆಗೆ ಬಂದರು.

ಮರುದಿನ ಇವರು ಕಂಪನಿಯಿಂದ ಮನೆಗೆ ಬಂದವರೇ ಮೆಟ್ಟಿಲ ಹತ್ತಿರ ಬೂಟು ಬಿಚ್ಚದೆ ಕೂತುಬಿಟ್ಟರು.

"ಕುಸುನೊಕಿ ಸಾನ್ ಡಿಸ್ಕ್ ಓಡ್ಲಿಲ್ಲವಂತೆ."

"ಯಾವ ಯಂತ್ರದಲ್ಲಿ?"

"ಒಂದರಲ್ಲೂ ಓಡ್ಲಿಲ್ಲ. ಒಣಮೀನಿನ ಹಾಗೆ ಅಂಚು ಎದ್ದಿತ್ತಂತೆ. ಬರಿಗಣ್ಣಿಗೆ ಕಾಣಲ್ಲ, ಯಂತ್ರಕ್ಕೆ ಕಾಣುತ್ತೆ. ಮೇಲಿನ ಪದರಕ್ಕೆ ತೇವ ತಾಗಿದ್ರೆ ಹಾಗೆ ಬಾಗುತ್ತಂತೆ. ಅಂಟೇ ಸರಿ ಇಲ್ಲ, ತೇವ ಕುಡಿಯುತ್ತೆ ಅಂತ ಎಲ್ಲರೂ ಅಂದ್ರಂತೆ."

"ಮತ್ತೆ ಕುಸುನೊಕಿ ಸಾನ್ ಏನಂದ್ರು?"

"ಅವರು ಏನನ್ನೋಕೂ ಬಿಡಲಿಲ್ಲ. ಫೋನ್ ಹೋದ ತಕ್ಷಣ ಅವರ ದೊಡ್ಡ ಅಧಿಕಾರಿ ಮಧ್ಯಾಹ್ನದ ರೈಲು ಹತ್ತಿ ತೋಕಿಯೊಗೆ ಬಂದು, ಎಲ್ಲರ ಮುಂದೆ ತಲೆ ಬಗ್ಗಿಸಿ ತಪ್ಪಾಯ್ತು ಅಂದುಬಿಟ್ರು."

ನಮ್ಮಲ್ಲಿ ಹಾಗೇ. ಇನ್ನೊಬ್ಬರಿಗೆ ತೊಂದರೆಯಾಯಿತು ಎಂದು ಕಿವಿಗೆ ಬಿದ್ದರೆ ಮೊದಲು ತಲೆ ಬಗ್ಗಿಸುತ್ತಾರೆ, ಕಾರಣ ಆಮೇಲೆ ಹುಡುಕುತ್ತಾರೆ. ಎದುರಿನವರು ಪರವಾಗಿಲ್ಲ ಎಂದು ತಲೆ ಬಗ್ಗಿಸಿಬಿಟ್ಟರೆ ಕಾರಣ ಹುಡುಕುವುದೂ ಮುಗಿಯಿತು. ಮತ್ತೆ ಹುಡುಕಿದರೆ ಆ ಎರಡು ತಲೆಗಳಿಗೂ ಅವಮಾನ.

ನಾನು ಚಹಾ ತಂದಿಟ್ಟೆ. ಹಿತ್ತಲಲ್ಲಿ ಒಣಹಾಕಿದ್ದ ಚೌಕ ನೆನಪಾಗಿ, ಮಾತಿಗೆ ಮಾತು ಬಂದು ಹೇಳಿದೆ: "ನಿನ್ನೆ ಆ ಚೌಕಾನೂ ಒದ್ದೆ ಆಗಿತ್ತು ನೋಡಿ. ಆದ್ರೆ ಮಳೇಲಿ ನೆಂದ ಹಾಗಿರಲಿಲ್ಲ. ಮೇಲೆ ಗಂಟಿನ ಹತ್ತಿರ ಒಣಗೇ ಇತ್ತು. ಒಳಗಡೆ, ಮಧ್ಯದಲ್ಲಿ ಚೌಕಾಕಾರಕ್ಕೆ ತಣ್ಣಗೆ ಒದ್ದೆ."

ಅವರು ಚಹಾದ ಬಟ್ಟಲನ್ನು ಬಾಯಿಗೆ ಒಯ್ಯುತ್ತಿದ್ದವರು ಹಾಗೇ ನಿಲ್ಲಿಸಿದರು.

"ಮಧ್ಯದಲ್ಲಾ?"

"ಹೂಂ."

"ಯೋಕನ್" ಎಂದರು. ಬಟ್ಟಲು ಕೆಳಗಿಟ್ಟರು. "ಮಂಜುಗಡ್ಡೆ ಕಣೇ. ಮಳೆಗಾಲದ ಸೆಕೇಲಿ ರೈಲಿನ ತುಂಬ ಅದು ಬೆವರಿದೆ. ನಾನು ಅವರ ಮಗಳನ್ನ ಮಂಜಿನ ಮೇಲೆ ಕೂರಿಸ್ಕೊಂಡು ಹೋಗಿದೀನಿ."

ಮರುದಿನ ಬೆಳಿಗ್ಗೆ ಕಂಪನಿ ತೆರೆಯುವ ಮೊದಲೇ ಹೋಗಿ ತಮ್ಮ ಮೇಲಧಿಕಾರಿ, ಬಂದೊ ಎಂಬವರ ಮೇಜಿನ ಮುಂದೆ ನಿಂತು ಎಲ್ಲ ಹೇಳಿದರಂತೆ. ಬಂದೊ ಒಳ್ಳೆಯ ಮನುಷ್ಯರೇ. ನಮ್ಮ ಮನೆಗೆ ಬಂದು ಊಟ ಮಾಡಿದವರು. ಕೇಳಿಸಿಕೊಂಡು ಬಹಳ ಹೊತ್ತು ಪೆನ್ಸಿಲ್ ಕೆತ್ತಿದರಂತೆ.

"ಮಿಯೋಶಿ ಸಾನ್, ನೀವು ಹೇಳಿದ್ದು ನಂಗೆ ಕೇಳಿಸ್ಲಿಲ್ಲ."

"ಇನ್ನೊಂದ್ಸಲ ಹೇಳ್ತೀನಿ ಸಾರ್."

"ಹೇಳಬೇಡಿ ಮಾರಾಯ್ರೇ, ಆಗ ಕೇಳಿಸ್ಕೋಬೇಕಾಗುತ್ತೆ! ಕೇಳಿಸ್ಕೊಂಡ್ರೆ ನಾನು ಮೇಲೆ ಹೇಳ್ಬೇಕು, ಮೇಲಿನವರು ತೊಯೊಹಾಶಿಗೆ ಹೋಗಿ ಬಗ್ಗಬೇಕು. ಬಗ್ಗಿ ಮುಗಿಸಿದೋರ ಎದುರಿಗೆ ನಾವು ಬಗ್ಗಿದ್ರೆ ಅವರೇನು ಮಾಡ್ಬೇಕು? ಈ ಕಂಪನಿಗಳನ್ನೆಲ್ಲ ಒಂದು ಮೇಜಿಗೆ ಕರೆತರೋಕೆ ಎಷ್ಟು ವರ್ಷ ಹಿಡೀತು ಅಂತ ನಿಮಗೆ ಗೊತ್ತಲ್ಲ."

"ಆ ಡಿಸ್ಕನ್ನೇ ಒಣಗಿಸಿ ಇನ್ನೊಮ್ಮೆ ನೋಡಿದ್ರೆ ಸಾಕು ಸಾರ್. ನೆಟ್ಟಗಾಗಿರುತ್ತೆ."

"ಅದಕ್ಕೇ ಯಾರೂ ನೋಡಲ್ಲ" ಎಂದರಂತೆ ಬಂದೊ.

ಭಾನುವಾರ ಇವರು ಒಳ್ಳೆಯ ಕೋಟು ಹಾಕಿಕೊಂಡರು. ನನಗೂ ಹೊರಡು ಎಂದರು. ಕಂಪನಿಯ ಕೆಲಸಕ್ಕೆ ಹೋಗುವುದಲ್ಲ, ಮನುಷ್ಯರಾಗಿ ಹೋಗುವುದು, ಹೆಂಡತಿ ಜೊತೆಗಿದ್ದರೆ ಹಾಗೆ ಕಾಣುತ್ತದೆ ಎಂದರು. ತೊಯೊಹಾಶಿ ನಿಲ್ದಾಣದ ಎದುರಿನ ಕಾಫಿ ಅಂಗಡಿಯಲ್ಲಿ ಕುಸುನೊಕಿಯವರನ್ನು ನಾನು ಮೊದಲ ಸಲ ನೋಡಿದೆ. ತೆಳ್ಳಗಿನ ಮನುಷ್ಯ, ಕನ್ನಡಕ ಮೂಗಿನಿಂದ ಜಾರುತ್ತಲೇ ಇತ್ತು.

"ಓ, ಅಮ್ಮಾವ್ರೂ ಬಂದಿದಾರೆ! ಮಗಳು ವಾಪಸ್ ಬಂದ ಮನೆಗೆ ಮಾತಾಡಿಸ್ಕೊಂಡು ಹೋಗೋಕೆ ಬಂದ್ರಾ?" ಎಂದು ನಕ್ಕರು.

ಇವರು ಕೂರಲಿಲ್ಲ. ನಿಂತೇ, ಸೊಂಟದಿಂದ ಬಾಗಿ, ನೆಲ ನೋಡುತ್ತ ಎಲ್ಲವನ್ನೂ ಹೇಳಿದರು. ಯೋಕನ್, ಮಂಜುಗಡ್ಡೆ, ಕೆಳಗಿನ ಪೆಟ್ಟಿಗೆ, ಒದ್ದೆ ಚೌಕ. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಕುಸುನೊಕಿ ಜಾರಿದ್ದ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡರು. ಆಮೇಲೆ ಕೇಳಿದರು: "ಹಾಗಾದ್ರೆ ಅಂಟು ಸರಿಯಾಗೇ ಇತ್ತು?"

"ಸರಿಯಾಗೇ ಇತ್ತು."

ಅಂಗಡಿಯವರು ಕೈ ಒರೆಸಿಕೊಳ್ಳಲು ಕೊಟ್ಟಿದ್ದ ಬಿಸಿ ಬಟ್ಟೆಯನ್ನು ತೆಗೆದುಕೊಂಡು ಅವರು ಕನ್ನಡಕದ ಸಮೇತ ಮುಖಕ್ಕೆ ಮುಚ್ಚಿಕೊಂಡರು. ಹಾಗೇ ಕೂತಿದ್ದರು. ಬಟ್ಟೆಯ ಆವಿ ಆರಿದ ಮೇಲೆ ತೆಗೆದರು.

"ಕೂತ್ಕೊಳ್ಳಿ ಮಿಯೋಶಿ ಸಾನ್. ಹೇಳಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. ಈಗ ಇದನ್ನ ಹಾಗೇ ಕಟ್ಕೊಂಡು ವಾಪಸ್ ತಗೊಂಡು ಹೋಗಿ."

"ವಾಪಸ್?"

"ನಮ್ಮ ದೊಡ್ಡವರು ತೋಕಿಯೊದಲ್ಲಿ ಬಗ್ಗಿಸಿದ ತಲೇನ ಈಗ ನಾನು ಎತ್ತಿಸೋಕಾಗುತ್ತಾ? ತೋಕಿಯೊದವರು ಪರವಾಗಿಲ್ಲ ಅಂದಿದಾರೆ, ಆ ಮಾತನ್ನ ಎಲ್ಲಿಡೋದು? ಎಲ್ಲರೂ ಈಗ ತಾನೇ ಒಟ್ಟಿಗೆ ಕೂತಿದಾರೆ. ಮೇಜಿಗೆ ಇನ್ನೂ ಕಾಲು ಗಟ್ಟಿಯಾಗಿಲ್ಲ. ನಂದೊಂದು ಅಂಟಿಗೋಸ್ಕರ ಅಲ್ಲಾಡಿಸೋದು ಬೇಡ."

"ನಿಮ್ಮ ಇಷ್ಟು ವರ್ಷದ ಕೆಲಸ?"

"ಕೆಟ್ಟಿರಲಿಲ್ಲ ಅಂತ ನಂಗೆ ಗೊತ್ತಾಯ್ತಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಈ ಅಂಗಡೀಲಿ ಕಾಫಿಗಿಂತ ಟೋಸ್ಟ್ ಚೆನ್ನಾಗಿರುತ್ತೆ, ತಗೊಳ್ಳಿ" ಎಂದರು. ನಾನು ತೆಗೆದುಕೊಂಡೆ.

ಸಮಿತಿ ಹಾಳೆ ಅಂಟಿಸುವ ದಾರಿಯನ್ನೇ ಹಿಡಿಯಿತು. ಆ ಮಾಗಿಯಲ್ಲಿ ಕುಸುನೊಕಿಯವರನ್ನು ಅವರ ಕಂಪನಿ ಉತ್ತರದ ಹಿಮದ ಸೀಮೆ ಅಕಿತ ಕಡೆಯ ಸಣ್ಣ ಕಾರ್ಖಾನೆಗೆ ಕಳಿಸಿತು. ಅಲ್ಲಿ ರಿಮೋಟಿನ ರಬ್ಬರ್ ಗುಂಡಿಗಳನ್ನು ಮಾಡುತ್ತಿದ್ದರು. ಕೆಲಸದಿಂದ ತೆಗೆಯಲಿಲ್ಲ, ಬೈಯಲಿಲ್ಲ, ಬೀಳ್ಕೊಡುವ ಊಟವನ್ನೂ ಹಾಕಿಸಿದರಂತೆ. ಅಂಟಿನ ಮನುಷ್ಯ ಎಂದು ಮಾತ್ರ ಮತ್ತೆ ಯಾರೂ ಅವರನ್ನು ಕರೆಯಲಿಲ್ಲ.

ಇವರು ಡಿಸ್ಕ್ ಹೊರುವ ಕೆಲಸ ಬೇಡವೆಂದು ಕೇಳಿಕೊಂಡು ಕಿಟಕಿಯ ಪಕ್ಕಕ್ಕೆ ವಾಪಸಾದರು. ಡಿಸ್ಕು ಸಿದ್ಧವಾದ ದಿನ ಕಂಪನಿಗಳ ದೊಡ್ಡವರೆಲ್ಲ ಸಾಲಾಗಿ ನಿಂತು ತೆಗೆಸಿಕೊಂಡ ಚಿತ್ರ ಪತ್ರಿಕೆಯಲ್ಲಿ ಬಂತು. ನನಗೆ ಓದು ಅಷ್ಟಕ್ಕಷ್ಟೇ. ದಿನಾ ಅವರೇ ಓದಿ ಹೇಳುತ್ತಿದ್ದರು. ಆ ದಿನವೂ ಓದಿದರು, ಪ್ರತಿಸ್ಪರ್ಧಿಗಳು ಕೈಜೋಡಿಸಿದ್ದಾರೆ, ಇದು ಸಹಕಾರದ ಗೆಲುವು ಎಂದಿತ್ತು. ದನಿ ಎಲ್ಲೂ ತೊದಲಲಿಲ್ಲ. ಓದಿ ಮುಗಿಸಿ ಪತ್ರಿಕೆಯನ್ನು ಮಡಚಿ ಮಂಡಿಯ ಕೆಳಗಿಟ್ಟುಕೊಂಡರು.

"ಸುಳ್ಳೇನೂ ಬರೆದಿಲ್ಲ" ಎಂದರು.

ಕುಸುನೊಕಿಯವರು ಅಕಿತದಲ್ಲೇ ತೀರಿಕೊಂಡರು. ಮನೆಯ ಮಾಡಿನ ಮೇಲಿನ ಹಿಮ ತಳ್ಳುವಾಗ ಎದೆ ಹಿಡಿದುಕೊಂಡು ಬಿದ್ದರಂತೆ. ಸುದ್ದಿ ತಿಳಿದ ದಿನವೇ ಇವರು ಕಪ್ಪು ಬಟ್ಟೆ ಹಾಕಿಕೊಂಡು ಹೊರಟರು. ಅಲ್ಲಿ ಅವರ ಹೆಂಡತಿಗೆ ಹೇಳಿಯೇ ಬರುತ್ತೇನೆ, ಕುಸುನೊಕಿ ಸಾನ್ ಬೇಡವೆಂದಿದ್ದು ಕಂಪನಿಗಳ ಮಟ್ಟಿಗೆ, ಮನೆಯವರ ಮಟ್ಟಿಗೆ ಅಲ್ಲ ಎಂದರು. ವಾಪಸು ಬಂದಾಗ ಸಾವಿನ ಮನೆಯ ಮೈಲಿಗೆ ಕಳೆಯಲೆಂದು ನಾನು ಬಾಗಿಲಲ್ಲಿ ಅವರ ಮೇಲೆ ಉಪ್ಪು ಚಿಮುಕಿಸುತ್ತ ಕೇಳಿದೆ.

"ಹೇಳಿದ್ರಾ?"

"ಧೂಪ ಹಾಕೋರ ಸಾಲು ಉದ್ದ ಇತ್ತು" ಎಂದರು.

ಆ ಸಾಲಿನಲ್ಲಿ ಸತ್ತವರ ಹೆಂಡತಿಯ ಎದುರು ಬಂದಾಗ ಹೇಳುವುದಕ್ಕೆ ಒಂದು ಮಾತು ಇರುತ್ತದೆ, ಎಲ್ಲರೂ ಅದನ್ನೇ ಹೇಳುತ್ತಾರೆ. ಇವರೂ ಅದನ್ನೇ ಹೇಳಿ ಮುಂದೆ ಸರಿದಿದ್ದರು.

ಆಮೇಲೆ ಅವರು ಹೆಚ್ಚು ದಿನ ಗಟ್ಟಿಯಾಗಿರಲಿಲ್ಲ. ಶ್ವಾಸಕೋಶದ ಕಾಯಿಲೆ. ಆಸ್ಪತ್ರೆಯಲ್ಲಿ ಮಾತು ಕಡಿಮೆಯಾದ ಮೇಲೂ ಕೆಲವು ಸಲ ಕಣ್ಣು ಮುಚ್ಚಿಕೊಂಡು, "ಅಕಿತ ದೂರ ಅಲ್ವೇನೇ" ಎನ್ನುತ್ತಿದ್ದರು. ದೂರವೇ ಎಂದು ನಾನು ಹೇಳುತ್ತಿದ್ದೆ.

ಅವರು ತೀರಿಕೊಂಡ ನಲವತ್ತೊಂಬತ್ತನೆಯ ದಿನದ ಕಾರ್ಯ ಮುಗಿಸಿಕೊಂಡು ನಾನು ಅಕಿತಕ್ಕೆ ಹೊರಟೆ. ನಮ್ಮ ಸಕಾಯ್ ಊರಿನ ಉಪ್ಪು ಕಡಲಪಾಚಿಯ ಪೊಟ್ಟಣ ಕಟ್ಟಿಸಿಕೊಂಡೆ. ನಿಲ್ದಾಣಗಳ ಹೆಸರನ್ನು ಕೇಳಿ ಕೇಳಿ ರೈಲು ಬದಲಿಸಿದೆ. ಕುಸುನೊಕಿಯವರ ಹೆಂಡತಿ ಸುಮಿಯೆ, ಗಂಡನ ಸಮಾಧಿ ಅಲ್ಲೇ ಇದೆಯೆಂದು ಆ ಊರಲ್ಲೇ ಉಳಿದಿದ್ದರು. ಹಿಮ ಬೀಳುವುದಕ್ಕೆ ಮೊದಲು ಮೂಲಂಗಿಯನ್ನು ಹೊಗೆಯಲ್ಲಿ ಒಣಗಿಸಿ ಉಪ್ಪಿನಕಾಯಿ ಹಾಕುವುದು ಅಲ್ಲಿಯ ರೂಢಿ. ಅದನ್ನು ಹೆಚ್ಚಿ ಚಹಾದ ಜೊತೆ ನನ್ನ ಮುಂದಿಟ್ಟರು.

"ಮೊದಲು ಇದರ ವಾಸನೆ ಕಂಡ್ರೇ ಆಗ್ತಿರಲಿಲ್ಲ ನಂಗೆ. ಈಗ ನೋಡಿ, ನಾನೇ ಹಾಕ್ತೀನಿ. ಈ ಊರಿನ ಹೆಂಗಸ್ರು ನಗ್ತಾರೆ, ತೊಯೊಹಾಶಿಯವಳು ಮೂಲಂಗೀನ ಸುಟ್ಟೇಬಿಡ್ತಾಳೆ ಅಂತ."

ನಾನೂ ನಕ್ಕೆ. ಆಮೇಲೆ ಚಾಪೆಯ ಮೇಲೆ ಕೈಯೂರಿ, ಹಣೆ ತಾಗುವಷ್ಟು ಬಾಗಿ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. ಅಂಟು ಸರಿಯಾಗಿಯೇ ಇತ್ತು, ನಿಮ್ಮ ಯಜಮಾನರ ತಪ್ಪೇನೂ ಇರಲಿಲ್ಲ, ಇದನ್ನು ನಿಮಗೆ ತಿಳಿಸದೆ ನನ್ನವರಿಗೆ ಸಮಾಧಾನವಿರಲಿಲ್ಲ ಎಂದೆ.

ಸುಮಿಯೆ ಚಹಾದ ಕೆಟಲನ್ನು ಹಿಡಿದವರು ಹಿಡಿದೇ ಇದ್ದರು.

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ನಾವೇ ಹೋಗಿ ಹೇಳಿದ್ವಿ."

"ಯಾವಾಗ?"

"ಆ ಮಳೆಗಾಲದಲ್ಲೇ. ಪರೀಕ್ಷೆ ಆದ ವಾರವೇ."

"ಅಂದ್ರೆ ಇಲ್ಲಿಗೆ ಬರೋಕೆ ಮುಂಚೆ."

"ಹೌದು."

ಕೆಟಲನ್ನು ಕೆಳಗಿಟ್ಟರು. ಸೆರಗಿನಂತೆ ಮಡಿಲಲ್ಲಿದ್ದ ಅಡಿಗೆ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಚಿದರು.

"ಪ್ರತಿ ವರ್ಷ ಮೊದಲ ಹಿಮ ಬಿದ್ದ ದಿನ ನಾನು ಅಂತಿದ್ದೆ" ಎಂದರು. "ನಿಮ್ಮ ಅಂಟು ಒಂಚೂರು ಗಟ್ಟಿ ಇದ್ದಿದ್ರೆ ತೊಯೊಹಾಶೀಲಿ ಬಿಸಿಲು ಕಾಯಿಸ್ಕೊಂಡು ಕೂತಿರ್ತಿದ್ವಿ ಅಂತ. ತಮಾಷೆಗೂ ಅಂದಿದೀನಿ, ಕೋಪದಲ್ಲೂ ಅಂದಿದೀನಿ. ನಮ್ಮಮ್ಮ ಸಾಯೋವಾಗ ರೈಲು ನಿಂತು ನಾನು ಹೋಗೋಕಾಗಲಿಲ್ಲ, ಆಗಂತೂ ಬಾಯಿಗೆ ಬಂದ ಹಾಗೆ ಅಂದಿದೀನಿ. ಅವರು ಹೂಂ ಅಂತಿದ್ರು. ನೀನು ಹೇಳೋದು ನಿಜ ಅಂತಿದ್ರು. ಸಲಿಕೆ ತಗೊಂಡು ಹೊರಗೆ ಹೋಗ್ತಿದ್ರು."

ನಾನು ತಲೆ ಎತ್ತಲಿಲ್ಲ.

"ಆ ದಿನಾನೂ ಅಂದಿದ್ದೆ" ಎಂದರು ಸುಮಿಯೆ. "ಅದಕ್ಕೇ ಮಾಡು ಹತ್ತಿದ್ರು."

ಅವರು ಎದ್ದು ಒಳಕೋಣೆಗೆ ಹೋದರು. ಗಂಡನ ಚಿತ್ರವಿಟ್ಟ ಪೂಜೆಯ ಕಪಾಟಿನ ಬಾಗಿಲು ತೆರೆದ ಸದ್ದಾಯಿತು. ಚಹಾ ಆರಿತು. ನಾನು ಕಾದೆ. ಅವರು ಬರಲಿಲ್ಲ. ಅಂಥ ಊರಲ್ಲಿ ಬಂದವರನ್ನು ಬೀದಿಯ ತಿರುವಿನ ತನಕ ಬಂದು ಕಳಿಸಿಕೊಡುತ್ತಾರೆ, ಮರೆಯಾಗುವವರೆಗೂ ತಲೆ ಬಗ್ಗಿಸುತ್ತ ನಿಂತಿರುತ್ತಾರೆ. ನಾನೇ ಎದ್ದು ಮೆಟ್ಟಿಲಲ್ಲಿ ಕೂತು ಚಪ್ಪಲಿ ಹಾಕಿಕೊಂಡೆ.

ಒಳಗಿನಿಂದ ಸುಮಿಯೆಯ ದನಿ ಕೇಳುತ್ತಿತ್ತು. ಅಕಿತದ ಮಾತಿನ ರೀತಿಯಲ್ಲ, ತೊಯೊಹಾಶಿಯದು. ಜೋರಾಗಿಯೂ ಇರಲಿಲ್ಲ, ಅಡಿಗೆಮನೆಯಿಂದ ಹೊರಗಿದ್ದವರನ್ನು ಕೇಳುವ ಹಾಗಿತ್ತು.

"ಒಂದು ಮಾತು ಹೇಳೋಕೆ ಏನಾಗಿತ್ತುರೀ ನಿಮಗೆ? ನಂಗೂ ಹೇಳಬಾರದಿತ್ತಾ? ನಾನೇನು ಕಂಪನಿನಾ?"

ನಾನು ಬಾಗಿಲನ್ನು ಸದ್ದಾಗದ ಹಾಗೆ ಎಳೆದು ಮುಚ್ಚಿದೆ.